ಹಂಡೆಯಲ್ಲಿ ಕುದ್ದ ಸ್ವೆಟರು

ಒದ್ದೆ ಉಣ್ಣೆಗೆ ಒಂದು ವಾಸನೆ ಇದೆ. ಮಳೆಯಲ್ಲಿ ನೆನೆದ ಕುರಿಮಂದೆ ಪಕ್ಕದಲ್ಲೇ ಹಾದುಹೋದ ಹಾಗೆ. ಮೊನ್ನೆ ಪಕ್ಕದ ಮನೆಯವರು ಮಗುವಿನ ಸ್ವೆಟರು ಒಗೆದು ಕಾಂಪೌಂಡಿನ ಮೇಲೆ ಹರವಿದ್ದರು. ಬೆಳಗಿನ ವಾಕಿಂಗಿಗೆ ಹೊರಟ ನಾನು ಅಲ್ಲೇ ನಿಂತೆ. ಶಾಲೆಯ ಗಂಟೆಗೆ ತಕ್ಕ ಹಾಗೆ ಬದುಕಿದವಳು ನಾನು; ದಾರಿಯಲ್ಲಿ ಸುಮ್ಮನೆ ನಿಲ್ಲುವ ಅಭ್ಯಾಸ ನನಗಿಲ್ಲ. ಆದರೆ ಆ ವಾಸನೆ ನನ್ನನ್ನು ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಹಳೆಯ ಮನೆಯ ಬಚ್ಚಲಿಗೆ ಎಳೆದುಕೊಂಡು ಹೋಯಿತು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಬಚ್ಚಲಿದ್ದ ಕಡೆ ಯಾರದೋ ಸ್ಕೂಟರು ನಿಂತಿರುತ್ತದೆ. ಹೀಗೆ ಕಣ್ಣೆದುರೇ ಕರಗಿಹೋದ ಮನೆಯೊಂದು ನಿಮಗೂ ಇದ್ದರೆ, ನಾನು ಹೆಚ್ಚು ವಿವರಿಸಬೇಕಿಲ್ಲ.

ಅಪ್ಪ ಸರ್ಕಾರಿ ಕೃಷಿ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭತ್ತದ ಗದ್ದೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅವ್ವ ಹಲಗೂರಿನ ಕಡೆಯವಳು, ಬೇಸಾಯದ ಮನೆಯ ಹೆಣ್ಣು. ಸಕ್ಕರೆ ಕಾರ್ಖಾನೆಯ ಸೈರನ್ನಿಗೆ ಮನೆ ಏಳುತ್ತಿತ್ತು, ಮತ್ತೊಂದು ಸೈರನ್ನಿಗೆ ಉಣ್ಣುತ್ತಿತ್ತು. ಸೋಮವಾರ ಬಟ್ಟೆ ಕುದಿಸುವುದು, ಶುಕ್ರವಾರ ತಲೆಗೆ ಎಣ್ಣೆ. ಎಣ್ಣೆ ಹಚ್ಚುವಾಗ ಮಾತ್ರ ಅವ್ವನ ಕೈ ನನ್ನ ಮೈಮೇಲೆ ಬೀಳುತ್ತಿತ್ತು, ಅದೂ ಹಿತ್ತಾಳೆ ಚೊಂಬು ಉಜ್ಜುವಷ್ಟೇ ಬಿರುಸಾಗಿ. ಅವಳು ಕೆಟ್ಟವಳಲ್ಲ. ಅಕ್ಕರೆಗೆ ಅವಳ ದಿನಚರಿಯಲ್ಲಿ ಜಾಗ ಇರಲಿಲ್ಲ ಎಂದಷ್ಟೇ ನಾನು ತಿಳಿದಿದ್ದೆ, ಅದಕ್ಕೆ ಒಗ್ಗಿಯೂ ಇದ್ದೆ.

ಆಗ ಚೀನಾ ಯುದ್ಧ ಬಂತು. ಹಿಮದ ಗಡಿಯಲ್ಲಿ ನಮ್ಮ ಸೈನಿಕರು ತೆಳು ಬಟ್ಟೆಯಲ್ಲಿ ನಿಂತಿದ್ದಾರೆ ಎಂದು ರೇಡಿಯೋ ಹೇಳಿತು. ನಮ್ಮ ಶಾಲೆಯ ಟೀಚರಮ್ಮ ಎಲ್ಲಿಂದಲೋ ಹಸಿರು ಉಣ್ಣೆಯ ಉಂಡೆಗಳನ್ನೂ ಕಡ್ಡಿಗಳನ್ನೂ ತಂದು, ಬೀದಿಯ ಹೆಂಗಸರನ್ನು ನಮ್ಮ ಜಗಲಿಯ ಮೇಲೆ ಕೂರಿಸಿ ಸೈನಿಕರಿಗೆ ಸ್ವೆಟರು ಹೆಣೆಯಲು ಕಲಿಸಿದರು. ಅಲ್ಲಿಯವರೆಗೆ ಆ ಬೀದಿಯಲ್ಲಿ ಉಣ್ಣೆ ಎಂದರೆ ಕಂಬಳಿ ಮಾತ್ರ. ಅವ್ವ ಎಲ್ಲರಿಗಿಂತ ಬೇಗ ಕಲಿತಳು. ಊಟದ ನಂತರ ಅವಳು ಕಂಬಕ್ಕೆ ಒರಗಿ ಕೂತರೆ ಕಡ್ಡಿಗಳ ಟಿಕ್ ಟಿಕ್ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಹೆಣೆಯುತ್ತ ಅವಳ ಮುಖ ಸಡಿಲವಾಗುತ್ತಿತ್ತು. "ನನ್ ಮಗ ಅದೆಲ್ಲಿ ನಿಂತವ್ನೋ, ಏನ್ ಉಂಡವ್ನೋ" ಎಂದು ಆ ಸ್ವೆಟರು ತೊಡಲಿದ್ದ ಯಾರೋ ಸೈನಿಕನನ್ನು ನೆನೆಯುತ್ತಿದ್ದಳು. ನನ್ನ ಜನ್ಮದಲ್ಲಿ ನಾನು ಕೇಳಿರದ ದನಿ ಅದು.

ಎದುರು ಮನೆಯ ನಿಂಗಕ್ಕ ಬಾಯಿ ಬಿಗಿಹಿಡಿಯುವ ಹೆಂಗಸಲ್ಲ. "ಇದೇನಕ್ಕ, ನೀನೇ ಎತ್ತವ್ಳಂಗೆ ಆಡ್ತೀಯಲ್ಲ" ಎಂದಳು.

"ಯಾರೋ ಎತ್ತವ್ರೆ ಕಣೆ. ಅವ್ನೇನು ಗದ್ದೇಲಿ ಮೊಳ್ತವ್ನಾ?" ಎಂದಳು ಅವ್ವ, ತಲೆ ಎತ್ತದೆ.

ಬಾಗಿಲ ಬಳಿ ಮಗ್ಗಿ ಬರೆಯುತ್ತಿದ್ದ ನಾನು ಬಳಪವನ್ನು ಒತ್ತಿ ಮುರಿದೆ. ಹೆಸರಿಲ್ಲದ, ಮುಖವಿಲ್ಲದ ಆ ಗಂಡಸು ನಮ್ಮ ಮನೆಯೊಳಗೆ ಬಂದು ನನ್ನ ಜಾಗದಲ್ಲಿ ಕೂತಿದ್ದ. ನಾನು ಅವನಿಗೆ ದಪ್ಪ ಮೀಸೆ ಕೊಟ್ಟೆ, ಗೊರಕೆ ಕೊಟ್ಟೆ. ಅವ್ವನ ಸ್ವೆಟರು ತೊಟ್ಟು, ಅವಳು ಕಳಿಸಲಿದ್ದ ಎಳ್ಳುಂಡೆ ಮೆಲ್ಲುತ್ತ ಹಿಮದ ಬಂಡೆಯ ಮೇಲೆ ಕಾಲು ಚಾಚಿ ಕೂತಿರುವಂತೆ ಅವನನ್ನು ಕಲ್ಪಿಸಿಕೊಂಡೆ. ಅವನು ಸಾಯಲಿ ಎಂದು ಬಯಸಲಿಲ್ಲ. ಅವನಿಗೆ ಚಳಿ ಆಗದಿರಲಿ ಎಂದು ಬಯಸಿದೆ, ಆಗ ಸ್ವೆಟರು ಬೇಕಾಗುವುದಿಲ್ಲವಲ್ಲ. ಒಂದು ದಿನ ಧೈರ್ಯ ಮಾಡಿ, ನನಗೂ ಒಂದು ಹೆಣೆದುಕೊಡು ಎಂದೆ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗ್ಯಾಕೆ? ಮಂಡ್ಯದಲ್ಲಿ ಯಾವ ಇಮ ಬಿದ್ದದೆ? ಓಗು, ಲೋಟ ತೊಳಿ." ನಾನು ಲೋಟ ತೊಳೆದೆ. ಆದರೆ ಆವತ್ತಿನಿಂದ ನನಗೆ ಬೇರೇನೂ ಬೇಡವಾಯಿತು. ಅವ್ವ ನನಗೆಂದೇ ಕೂತು ಹೆಣೆದ ಒಂದು ಸ್ವೆಟರು ಬೇಕಿತ್ತು.

ಸ್ವೆಟರು ಮುಗಿದದ್ದು ಭಾನುವಾರ. ಬೇರೆಯವರಿಗೆ ಕೊಡುವ ಬಟ್ಟೆಯನ್ನು ಒಗೆಯದೆ ಕೊಡಬಾರದು ಎಂಬುದು ಅವ್ವ ತವರಿನಿಂದ ತಂದ ಪದ್ಧತಿ. ಸೋಮವಾರ ಪಂಚೆ, ಲಂಗಗಳಿಗೆ ಮಾಡುವಂತೆಯೇ ಅದನ್ನೂ ಸೋಡಾ ಹಾಕಿದ ಹಂಡೆಯಲ್ಲಿ ಕುದಿಸಿ, ಬಚ್ಚಲ ಕಲ್ಲಿನ ಮೇಲೆ ಚೆನ್ನಾಗಿ ಬಡಿದು, ಹಿಂಡಿ ಒಣಹಾಕಿದಳು. ಸಂಜೆ ಹಗ್ಗದಿಂದ ತೆಗೆದಾಗ ಅದು ಗಂಡಸಿನ ಸ್ವೆಟರು ಆಗಿರಲಿಲ್ಲ. ಕುಗ್ಗಿ, ಗಟ್ಟಿಯಾಗಿ, ಕಂಬಳಿಯ ತುಂಡಿನಂತೆ ನಿಂತಿತ್ತು. ಅವ್ವ ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ನಿಂಗಕ್ಕ ಅದನ್ನು ಎತ್ತಿ ನನ್ನ ಬೆನ್ನಿಗೆ ಹಿಡಿದು ನೋಡಿ ನಕ್ಕಳು. "ಇವ್ಳ ಅಳ್ತೆ ತಕ್ಕಂಡೇ ಮಾಡ್ದಂಗದೆ ಕಣಕ್ಕ. ಆಕ್ಬುಡು ಅತ್ಲಾಗೆ."

ಯಾರೂ ಹೇಳುವ ಮೊದಲೇ ನಾನು ಎರಡೂ ಕೈ ಮೇಲೆತ್ತಿ ನಿಂತೆ. ಅವ್ವ ಅದನ್ನು ನನಗೆ ತೊಡಿಸಿದಳು. ತೋಳು ಎಳೆದಳು, ಅಂಚು ಸರಿ ಮಾಡಿದಳು. ಎಲ್ಲವೂ ಸರಿಯಾಗಿ ಕೂತಿತ್ತು. ಆಮೇಲೆ ಅವಳು ಮೊಣಕಾಲೂರಿ, ನನ್ನ ಬೆನ್ನಿಗೆ ಬಾಯಿ ಹತ್ತಿರ ತಂದು ಜೋರಾಗಿ ಊದಿದಳು. ಗಾಳಿ ಒಳಕ್ಕೆ ಬಂತಾ ಎಂದು ಕೇಳಿದಳು. ಇಲ್ಲ ಎಂದೆ. ನಿಂಗಕ್ಕನೂ ಊದಿದಳು. ಇಲ್ಲ. ಅವ್ವನ ಮುಖ ಅರಳಿತು. ಕುದ್ದ ಉಣ್ಣೆ ಗಾಳಿ ತಡೆಯುತ್ತದೆ. ಹಾಗಾದರೆ ಎರಡಾಳು ಹಿಡಿಸುವಷ್ಟು ದೊಡ್ಡದಾಗಿ ಹೆಣೆದು, ಕುದಿಸಿ, ಒಬ್ಬನ ಅಳತೆಗೆ ಇಳಿಸಿದರಾಯಿತು. ಹಾಗೆ ಹೇಳುತ್ತಲೇ ಅದನ್ನು ನನ್ನ ತಲೆಯ ಮೇಲಿಂದ ಎಳೆದು ತೆಗೆದುಕೊಂಡಳು. ಅವಳು ಬೆಚ್ಚಗಾಗಿಸಿದ್ದು ನನ್ನ ಬೆನ್ನನ್ನಲ್ಲ, ಆ ಸೈನಿಕನದನ್ನು.

ಟೀಚರಮ್ಮ ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ತಾವೂ ಅದಕ್ಕೆ ಊದಿ ನೋಡಿ ಒಪ್ಪಿಕೊಂಡರು. ಆ ಚಳಿಗಾಲವೆಲ್ಲ ನಮ್ಮ ಬೀದಿಯ ಹಂಡೆಗಳಲ್ಲಿ ಆನೆಗೆ ಹೆಣೆದಂಥ ಸ್ವೆಟರುಗಳು ಕುದ್ದವು. ಅಪ್ಪ ಒಂದೊಂದನ್ನೂ ತೊಟ್ಟು ಜಗಲಿಯ ಮೇಲೆ ಬೆವರುತ್ತ ನಿಂತು ಅಳತೆ ಕೊಡುತ್ತಿದ್ದರು. ನನ್ನ ಮೈಗೆ ಹೊಂದಿದ ಆ ಒಂದು ಮಾತ್ರ ಮಾದರಿಯಾಗಿ ಊರೂರು ಸುತ್ತಿತು. ಮದ್ದೂರಿಗೆ ಹೋಯಿತು, ಮಳವಳ್ಳಿಗೆ ಹೋಯಿತು, ಹಲಗೂರಿನಲ್ಲಿ ಅವ್ವನ ಅತ್ತಿಗೆಯ ಮನೆಯಲ್ಲಿ ಕೆಲವು ತಿಂಗಳು ಉಳಿಯಿತು. ಅಲ್ಲಿಯ ಮಕ್ಕಳು ಅದನ್ನು ತೊಟ್ಟರೆಂದು ಬಸ್ಸಿನಲ್ಲಿ ಬಂದವರು ಹೇಳಿದಾಗ ನಾನು ಊಟ ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ.

ಯುದ್ಧ ಮುಗಿದು, ಉಣ್ಣೆಯ ಉಂಡೆ ಬರುವುದು ನಿಂತು, ಮಾದರಿ ನಮ್ಮ ಮನೆಗೆ ವಾಪಸು ಬಂದದ್ದು ಮರುವರ್ಷ. ಅವ್ವ ಯಾವ ಪೀಠಿಕೆಯೂ ಇಲ್ಲದೆ ನನ್ನನ್ನು ಕರೆದಳು. "ಬಾ ಇಲ್ಲಿ. ಇನ್ನ ಇದು ನಿಂದೇ." ತಲೆ ಹೇಗೋ ತೂರಿತು. ತೋಳು ಮೊಣಕೈಯಿಂದ ಸ್ವಲ್ಪವೇ ಮುಂದೆ ಬಂದು ನಿಂತಿತು. ಅವಳು ಅದನ್ನು ಒಮ್ಮೆ ಎಳೆದಳು, ಎರಡನೆಯ ಸಲ ಎಳೆಯಲಿಲ್ಲ.

"ಯಾವಾಗ ಬೆಳ್ದೆ ನೀನು?" ಎಂದಳು.

ಅವಳು ಹೆಬ್ಬೆರಳನ್ನು ನನ್ನ ಹೆಗಲ ಮೂಳೆಗೆ ಒತ್ತಿ, ಕಿರುಬೆರಳನ್ನು ಚಾಚಿ, ಗೇಣು ಗೇಣಾಗಿ ತೋಳಿನುದ್ದಕ್ಕೂ ನಿಧಾನವಾಗಿ ಇಳಿದು ಮಣಿಕಟ್ಟಿನವರೆಗೆ ಬಂದಳು. ಮತ್ತೆ ಹೆಗಲಿನಿಂದ ಶುರುಮಾಡಿದಳು, ಲೆಕ್ಕ ತಪ್ಪಿತೆಂಬಂತೆ. ಮನೆಯಲ್ಲಿ ಒಂದೆಳೆ ಉಣ್ಣೆಯೂ ಉಳಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ಅವಳು ಎಂದೂ ಹೆಣೆಯಲಿಲ್ಲ. ಅವ್ವ ಹೋದಳು, ಅಪ್ಪ, ನಿಂಗಕ್ಕ, ಆ ಜಗಲಿಯ ಮೇಲೆ ಕೂತವರೆಲ್ಲ ಒಬ್ಬೊಬ್ಬರಾಗಿ ಹೋದರು. ನಾನು ಅವ್ವ ಮುಟ್ಟಿದ ವಯಸ್ಸನ್ನು ದಾಟಿ ಬಂದಿದ್ದೇನೆ. ನನ್ನ ತೋಳು ಎಷ್ಟು ಗೇಣು ಎಂದು ಬಲ್ಲವರು ಈ ಮಂಡ್ಯದಲ್ಲಿ ಈಗ ಯಾರೂ ಇಲ್ಲ.