ಮುಳ್ಳು ಸುಳ್ಳು ಹೇಳಲ್ಲ

ಗುಬ್ಬಿಯ ಆ ಮೆಕ್ಯಾನಿಕ್ ಯಾವ ಗಾಡಿ ಬಂದರೂ ಮೊದಲು ಕಿವಿ ಕೊಡುತ್ತಿದ್ದರು, ಆಮೇಲೆ ಕೈ ಹಾಕುತ್ತಿದ್ದರು. ನಮ್ಮಪ್ಪನ ಕಾಲದ ಕಾರಿನ ಪೆಟ್ರೋಲ್ ಮುಳ್ಳು ವರ್ಷಗಳಿಂದ ಖಾಲಿಯ ಗೆರೆ ಬಿಟ್ಟು ಎದ್ದಿರಲಿಲ್ಲ. ನಾನು ಅಂದಾಜಿನ ಮೇಲೇ ಓಡಿಸುತ್ತಿದ್ದೆ. ಕೊನೆಗೊಂದು ದಿನ ಅವರ ಗ್ಯಾರೇಜಿಗೆ ಒಯ್ದೆ.

“ಮುಳ್ಳು ಸುಳ್ಳು ಹೇಳಲ್ಲ ಸಾರ್. ಒಳಗಿರೋನು ಹೇಳ್ಕೊಟ್ಟಿದ್ದನ್ನೇ ಹೇಳ್ತದೆ,” ಅಂದರು.

ಒಳಗಿದ್ದವನು ಟ್ಯಾಂಕಿನಲ್ಲಿ ತೇಲಬೇಕಾದ ಒಂದು ಹಿತ್ತಾಳೆ ಬುರುಡೆ. ಅದನ್ನು ಹೊರಗೆ ತೆಗೆದು, ಕೊಬ್ಬರಿಗಿಟ್ಟ ಕಾಯಿ ಅಲ್ಲಾಡಿಸುವವರ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದರು. ನನ್ನ ಕಿವಿಗೂ ಹಿಡಿದರು. ಒಳಗೆ ಲೊಟಲೊಟ ಸದ್ದು.

“ಪೆಟ್ರೋಲ್ ಕುಡ್ಕಂಡು ಮುಳುಗವ್ನೆ, ನೋಡಿ!”

ಬಿಸಿನೀರಲ್ಲಿ ಅದ್ದಿದಾಗ ಗುಳ್ಳೆ ಎದ್ದ ಕಡೆ ಸೂಜಿಮೊನೆಯಷ್ಟು ತೂತಿತ್ತು. ಒಳಗಿನದನ್ನೆಲ್ಲ ಬಸಿದು, ಒಣಗಿಸಿ, ಬೆಸುಗೆ ಹಾಕಿ, ವೈರು ಸೇರಿಸಿ ಬುರುಡೆಯನ್ನು ಕೈಯಲ್ಲೇ ಮೇಲೆತ್ತಿದರು. ಸೀಟಿನಲ್ಲಿ ಕೂತಿದ್ದ ನನ್ನೆದುರು ಮುಳ್ಳು ಫುಲ್‌ವರೆಗೂ ಎದ್ದಿತು. ಟ್ಯಾಂಕಿಗೆ ಇಳಿಸಿದ್ದೇ ತಡ, ಮತ್ತೆ ಖಾಲಿಯ ಮೇಲೆ ಮಲಗಿತು.

“ಅದೇ ಹಳೇ ಚಾಳಿ,” ಅಂತ ನಕ್ಕೆ.

“ಮುಳ್ಳು ಸುಳ್ಳು ಹೇಳಲ್ಲ ಸಾರ್.”

ನನ್ನ ಅಂದಾಜಿನಲ್ಲಿ ತುಮಕೂರಿಗೆ ಸಾಕಾಗುವಷ್ಟು ಪೆಟ್ರೋಲ್ ಇತ್ತು. ಗ್ಯಾರೇಜಿನ ಪಕ್ಕದಲ್ಲೇ ಇದ್ದ ಬಂಕ್ ದಾಟಿ ಹೊರಟೆ. ಎರಡು ಕಿಲೋಮೀಟರ್ ಹೋಗಿಲ್ಲ, ಕಾರು ಕೆಮ್ಮಿ ನಿಂತಿತು. ನಾಚಿಕೆ ನುಂಗಿಕೊಂಡು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಅವರ ಮೊಪೆಡ್ ಬಂತು. ಕಾಲ ಬಳಿ ಪೆಟ್ರೋಲ್ ಬಾಟಲಿ.

“ನಿಮಗೆ ಹೆಂಗೆ ಗೊತ್ತಾಯ್ತು?” ಅಂದೆ.

“ಬಂಕ್ ಹತ್ರ ನಿಮ್ಮ ಗಾಡಿ ನಿಂತ ಸದ್ದು ಕೇಳ್ಲಿಲ್ವಲ್ಲ ಸಾರ್.”