ತೂಬು ಎತ್ತದ ದಿನ

ನಮ್ಮ ಜಿಲ್ಲೆಯ ಹಿರಿಯರಿಗೆ ತಮ್ಮ ನೆಲದ ಬಗ್ಗೆ ಒಂದು ಭರವಸೆಯಿತ್ತು: ಇಲ್ಲಿ ನೀರು ಸಿಗದೆ ಹೋಗಬಹುದು, ಆದರೆ ಬಂಡೆ ಅಲುಗುವುದಿಲ್ಲ. ಆ ಭರವಸೆಯನ್ನು ಹೀಗಳೆಯದೆ, ಹಾಗೆಂದು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ, ಬಂಡೆ ನಿಜಕ್ಕೂ ಅಲುಗುತ್ತದೆಯೇ, ಅದಕ್ಕೂ ನಾವು ನೆಲದೊಳಗಿಂದ ಎತ್ತುವ ನೀರಿಗೂ ನಂಟುಂಟೇ ಎಂದು ಉಪಗ್ರಹಗಳ ನೆರವಿನಿಂದ ಅಳೆಯಹೊರಟವರು ಡಾ. ಗಂಗರತ್ನಮ್ಮನವರು. ಕೋಲಾರದ ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಸಂಶೋಧನೆಯ ಬೆಲೆ ಕಟ್ಟಲು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಪಕ್ಕದಲ್ಲಿ ನಿಂತು ನಾನು ಕೇಳಿಸಿಕೊಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಹೋಳೂರಿನ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವರು ಅಧ್ಯಾಪಕಿಯಾಗಿ ಕಾಲೇಜಿಗೆ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಮೊದಲ ಹದಿನೈದು ವರ್ಷ ಪಾಠ, ಪರೀಕ್ಷೆ, ವಿದ್ಯಾರ್ಥಿಗಳೊಡನೆ ಬೆಟ್ಟ ಹತ್ತುವುದು, ಇಷ್ಟೇ. ೧೯೯೩ರಲ್ಲಿ ಲಾತೂರಿನ ನೆಲ ನಡುಗಿದಾಗ, ದಖ್ಖನಿನ ಬಂಡೆಗೆ ಭಯವಿಲ್ಲ ಎಂದು ತರಗತಿಯಲ್ಲಿ ಹೇಳುತ್ತ ಬಂದಿದ್ದ ಮಾತನ್ನು ಅವರು ಅಲ್ಲಿಗೆ ನಿಲ್ಲಿಸಿದರಂತೆ. ಬೆಂಗಳೂರಿನ ಒಂದು ಸಂಸ್ಥೆಯನ್ನು ಬೆನ್ನುಹತ್ತಿ ಎರಡು ಜಿಪಿಎಸ್ ಯಂತ್ರಗಳನ್ನು ಎರವಲು ತಂದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಂಡೆಗಳ ನೆತ್ತಿಯಲ್ಲಿ ತೂತು ಕೊರೆದು ಉಕ್ಕಿನ ಬೋಲ್ಟುಗಳನ್ನು ಕೂರಿಸಿದರು. ಬೋಲ್ಟಿನ ಮೇಲೆ ಮುಕ್ಕಾಲಿ ಇಟ್ಟು, ಯಂತ್ರವನ್ನು ಕೆಲವು ದಿನ ಬಿಟ್ಟರೆ, ಉಪಗ್ರಹಗಳ ಸಂಕೇತಗಳಿಂದ ಆ ಬೋಲ್ಟು ಇರುವ ಜಾಗವನ್ನು ಅಕ್ಕಿಕಾಳಿನಷ್ಟೂ ತಪ್ಪದೆ ತಿಳಿಯಬಹುದು. ವರ್ಷ ಬಿಟ್ಟು ವರ್ಷ ಅಳೆದರೆ ಬಂಡೆ ಸರಿಯಿತೋ ಇಲ್ಲವೋ ತಿಳಿಯುತ್ತದೆ.

ಶ್ರೀನಿವಾಸಪುರದ ಬಂಡೆಯ ಮೇಲೆ ಒಮ್ಮೆ ಮಾವಿನ ವ್ಯಾಪಾರಿಯೊಬ್ಬರು ಮುಕ್ಕಾಲಿಯ ಸುತ್ತ ಒಂದು ಸುತ್ತು ಬಂದು ಕೇಳಿದರು: "ಮೇಡಂ, ನಿಮ್ಮ ಸ್ಯಾಟಲೈಟ್‌ನಲ್ಲಿ ನಮ್ಮ ತೋಟದ ಕಾಯಿ ಕಾಣುತ್ತಾ?"

"ಕಾಯಿ ಕಾಣಲ್ಲಪ್ಪ. ತೋಟ ನಿಂತಿರೋ ಬಂಡೆ ಆಂಧ್ರದ ಕಡೆ ಜರುಗ್ತಾ ಇದೆಯಾ ಅಂತ ನೋಡ್ತಿದ್ದೀನಿ."

"ಜರುಗಿದ್ರೆ ಜರುಗ್ಲಿ ಬಿಡಿ. ಆ ಕಡೆ ರೇಟು ಚೆನ್ನಾಗಿದೆ."

೧೯೯೬ರಲ್ಲಿ ನಾನು ಅವರ ವಿಭಾಗಕ್ಕೆ ಬಂದೆ. ಮುಳಬಾಗಿಲಿನ ನಮ್ಮ ಮನೆಯಲ್ಲಿ ತಾಯಿ ಅಂಬಾಬಾಯಿಯವರು ಬೆಳಗಿನ ಕೆಲಸದ ಜೊತೆಜೊತೆಗೇ ಪದ್ಯಗಳನ್ನು ವಾಚಿಸುತ್ತಿದ್ದರು. ಕೇಳಿ ಬೆಳೆದವನಾದ ನನಗೆ ಮಾತಿಗಿಂತ ಕೇಳುವುದೇ ಹೆಚ್ಚು ಅಭ್ಯಾಸ. ಕ್ಷೇತ್ರಕಾರ್ಯಕ್ಕೆ ಹೋದಲ್ಲಿ ಸಂಧ್ಯಾವಂದನೆಗೆಂದು ನಾನು ಹಿಂಜರಿದು ಹಿಂದೆ ಉಳಿದರೆ, ಮೇಡಂ ಜೀಪು ನಿಲ್ಲಿಸಿ, "ಮುಗಿಸಿ ಬನ್ನಿ ಆಚಾರ್ರೆ, ಬಂಡೆ ಎಲ್ಲಿಗೂ ಓಡಿಹೋಗಲ್ಲ. ಓಡಿಹೋಗುತ್ತಾ ಅಂತ ನೋಡೋಕೇ ತಾನೆ ನಾವು ಬಂದಿರೋದು" ಎನ್ನುತ್ತಿದ್ದರು. ಒಮ್ಮೆಯೂ ಗಡಿಯಾರ ನೋಡಿದ್ದನ್ನು ಕಾಣೆ. ಯಾವ ಪ್ರಶ್ನೆಗಾದರೂ ಉತ್ತರಿಸುವ ಮುನ್ನ, ಪದ್ಯದ ಸಾಲಿನ ನಡುವೆ ವಾಚಕರು ಉಸಿರಿಗೆ ನಿಲ್ಲುವಂತೆ, ಅವರೊಂದು ಕ್ಷಣ ನಿಲ್ಲುತ್ತಿದ್ದರು. ಆಮೇಲೆ ಹೆಚ್ಚಿನ ಸಲ ಬರುತ್ತಿದ್ದ ಮಾತು "ಗೊತ್ತಿಲ್ಲ" ಎಂಬುದೇ.

ಆ ಮಾತು ಸಾಲದೆ ಹೋದದ್ದು ೨೦೦೫ರಲ್ಲಿ.

ಹಲವು ವರ್ಷ ಮಳೆಯಿಲ್ಲದೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದ ನಮ್ಮ ಸೀಮೆಗೆ ಆ ವರ್ಷದ ಕೊನೆಯಲ್ಲಿ ಬಿಡದೆ ಮಳೆ ಸುರಿಯಿತು. ಕೆರೆಗಳೆಲ್ಲ ತುಂಬಿ ಕೋಡಿ ಹರಿದವು. ಆ ಸಂತೋಷದ ನಡುವೆಯೇ ಬೈರಕೂರಿನ ಆಚೆಗಿನ ಗೌನಗುರ್ಕಿ ಎಂಬ ಊರಿನಲ್ಲಿ ನೆಲದಡಿಯಿಂದ ಸದ್ದು ಕೇಳಿಬರತೊಡಗಿತು. ದೂರದಲ್ಲಿ ಕಲ್ಲು ಸಿಡಿಸಿದಂತೆ ಒಂದು ಗುದ್ದು, ಹಿಂದೆಯೇ ಪಾತ್ರೆಗಳ ಗಲಗಲ. ಚಿನ್ನದ ಗಣಿಯಲ್ಲಿ ಕಲ್ಲು ಸಿಡಿಯಿತು ಎಂದು ಮೊದಲು ಅಂದುಕೊಂಡರು. ಗಣಿ ಮುಚ್ಚಿ ವರ್ಷಗಳಾಗಿವೆ ಎಂದು ಯಾರೋ ನೆನಪಿಸಿದ ಮೇಲೆ ಭಯ ಶುರುವಾಯಿತು.

ಮೇಡಂ ಮೊದಲ ಸಲ ಹೋದಾಗ, ವರ್ಷಗಟ್ಟಲೆ ಬತ್ತಿದ್ದ ಬಂಡೆಯ ಬಿರುಕುಗಳಿಗೆ ಒಮ್ಮೆಲೇ ನೀರಿಳಿದು ಒತ್ತುತ್ತಿರಬಹುದು, ಹಳೆಯ ಬಿರುಕು ಸ್ವಲ್ಪ ಸ್ವಲ್ಪವೇ ಜಾರುತ್ತಿರಬಹುದು ಎಂದು ಪಂಚಾಯಿತಿಯವರಿಗೆ ಹೇಳಿದ್ದರು. ಆ ಮಾತು ಟೀವಿಗೆ ತಲುಪುವ ಹೊತ್ತಿಗೆ, ಕೆರೆಯ ನೀರು ಊರನ್ನು ನುಂಗಲಿದೆ ಎಂದಾಗಿತ್ತು. ಜ್ಯೋತಿಷಿಯೊಬ್ಬ ಪರದೆಯ ಮೇಲೆ ಕುಳಿತು, ಕಾರ್ತಿಕದ ಅಮಾವಾಸ್ಯೆಯೊಳಗೆ ಕೆರೆ ಖಾಲಿಯಾಗದಿದ್ದರೆ ಊರು ಉಳಿಯುವುದಿಲ್ಲ ಎಂದು ಗಡುವನ್ನೂ ಕೊಟ್ಟ.

ಅಮಾವಾಸ್ಯೆಗೆ ಎರಡು ದಿನವಿರುವಾಗ ನಾವು ಮತ್ತೆ ಹೋದೆವು. ಊರ ಮೇಲಿನ ಬಂಡೆಗೆ ಕೂರಿಸಿದ್ದ ಬೋಲ್ಟಿನ ಮೇಲೆ ಯಂತ್ರ ಆಗಲೇ ಒಂದು ವಾರದಿಂದ ಅಳೆಯುತ್ತಿತ್ತು. ಅದರ ಅಂಕಿಗಳನ್ನು ಆಗಿಂದಾಗ್ಗೆ ಬೆಂಗಳೂರಿಗೆ ಕಳಿಸುತ್ತಿದ್ದೆವು. ಮೇಡಂ ನನ್ನನ್ನು ಬೈರಕೂರಿನ ಫೋನ್ ಬೂತಿಗೆ ಅಟ್ಟಿದರು. ಬೆಂಗಳೂರಿನವರು ಹೇಳಿದ್ದು ಇಷ್ಟು: ಉಪಗ್ರಹಗಳು ಸಾಗಿದ ದಾರಿಯ ನಿಖರ ಲೆಕ್ಕ ಬಂದಲ್ಲದೆ ಏನೂ ಹೇಳಲಾಗದು, ಎರಡು ವಾರ ಬೇಕು. ರೇಡಾರ್ ಉಪಗ್ರಹದ ಚಿತ್ರಗಳಿಗೆ ತಿಂಗಳುಗಳೇ ಬೇಕು. ನಾನು ಮರಳುವಷ್ಟರಲ್ಲಿ ಕೆರೆಯ ಏರಿಯ ಮೇಲೆ ಊರೇ ನೆರೆದಿತ್ತು. ತೂಬಿನ ಬಳಿ ಅದನ್ನೆತ್ತಿ ಕೆರೆ ಖಾಲಿಮಾಡಲು ತಂದ ಹಾರೆಗಳಿದ್ದವು. ಕೆರೆಯ ನೀರು ಬಿಡುವ ಕೆಲಸ ವಂಶದಿಂದ ಬಂದ ನೀರುಗಂಟಿ ಮುನಿಯಲ್ಲಪ್ಪನವರು ತೂಬಿನ ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕಾಯಲೋ ಎತ್ತಲೋ ಎಂಬುದು ಅವರ ಮುಖದಿಂದ ತಿಳಿಯುವಂತಿರಲಿಲ್ಲ.

"ಏನಂದ್ರು?" ಎಂದರು ಮೇಡಂ.

"ಎರಡು ವಾರ."

ತುಂತುರು ಮಳೆಯಿತ್ತು. ಮೇಡಂ ಕೈಯಲ್ಲಿದ್ದ ಅಳತೆ ಟೇಪನ್ನು ಸೆರಗಿನ ಕೆಳಗೆ ಸರಿಸಿಕೊಂಡರು. ಟೇಪು ನೆನೆಯದಿರಲೆಂದು ಎಂದುಕೊಂಡೆ.

ಎಲ್ಲರಿಗಿಂತ ಮುಂದೆ ನಿಂತಿದ್ದವರು ಶಾಮಲಮ್ಮ. ಅವರ ಮಗಳು ವಾಣಿಶ್ರೀ ಹೆತ್ತು ವಾರವಾಗಿರಲಿಲ್ಲ. ಕಲ್ಲುಚಪ್ಪಡಿ ಹೊದಿಸಿದ ಮನೆಯ ಒಳಕೋಣೆಯಲ್ಲಿ ಕೂಸಿನೊಡನೆ ಮಲಗಿದ್ದಳು. ಆ ಚಪ್ಪಡಿಗಳಲ್ಲೊಂದು ಆಗಲೇ ಗೋಡೆಯಿಂದ ಬೆರಳು ತೂರುವಷ್ಟು ಸರಿದಿತ್ತು.

"ಕೆರೆ ನೀರಿಂದ ಅಂತ ಹೇಳಿದ್ದು ನೀವೇ," ಎಂದರು ಶಾಮಲಮ್ಮ. "ಈಗ ಬಿಡ್ತೀವಿ ಅಂದ್ರೆ ಬ್ಯಾಡ ಅಂತೀರಾ?"

"ಒಂದೇ ಸಲ ಬಿಟ್ರೆ ಕೆಳಗಿನೂರ ಕೆರೆ ತಡೆಯಲ್ಲಮ್ಮ. ಅದೂ ತುಂಬಿ ನಿಂತಿದೆ."

"ಕೆಳಗಿನೂರೋರ ಏರಿ ಅವರು ಕಾಯ್ಕೊಳ್ಲಿ. ನನ್ನ ಮಗಳ ತಲೆ ಮೇಲಿನ ಕಲ್ಲು ಯಾರು ಕಾಯ್ತಾರೆ?"

"ಕೆರೆ ಬಿಟ್ರೂ ಆ ಕಲ್ಲು ಅಲ್ಲೇ ಇರುತ್ತೆ. ರಾತ್ರಿ ಕಡಲೆ ನೆನೆಹಾಕ್ತೀರಿ, ಬೆಳಿಗ್ಗೆ ನೀರು ಚೆಲ್ತೀರಿ. ಕಡಲೆ ಒಣಗುತ್ತಾ? ಬಿರುಕಿಗೆ ಇಳಿದ ನೀರು ಇಳಿದಾಯ್ತು. ಅದು ಈ ತೂಬಲ್ಲಿ ಹೊರಗೆ ಬರಲ್ಲ. ಮಗಳನ್ನ ಚಪ್ಪಡಿ ಕೆಳಗಿಂದ ಹೊರಗೆ ತನ್ನಿ."

"ಎಲ್ಲಿಗೆ? ಈ ಮಳೇಲಿ ಬಾಣಂತೀನ ಬಯಲಲ್ಲಿ ಮಲಗಿಸ್ಲಾ?"

ಮೇಡಂ ಊರ ಕಡೆ ನೋಡಿದರು. ಕಲ್ಲು ಹೊದಿಸದ, ಹಗುರ ಮಾಡಿನ ದೊಡ್ಡ ಕಟ್ಟಡ ಅಲ್ಲಿದ್ದುದು ಒಂದೇ: ಶಾಮಲಮ್ಮನ ಭಾವ, ಎಂದರೆ ಗಂಡನ ಅಣ್ಣ, ಶ್ರೀನಿವಾಸಪ್ಪನವರ ಹುಳದ ಮನೆ. ಬಿದಿರಿನ ಗಳ, ಮೇಲೆ ತೆಂಗಿನ ಗರಿ. ಒಳಗೆ ರೇಷ್ಮೆಹುಳುಗಳು ಕೊನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪು ಮೇಯುತ್ತಿದ್ದವು. ನಮ್ಮ ಸೀಮೆಯ ರೇಷ್ಮೆ ಬಲ್ಲವರಿಗೆ ಹೇಳಬೇಕಾಗಿಲ್ಲ, ಹುಳದ ಮನೆಯ ಮಡಿ ದೇವರಮನೆಯ ಮಡಿಗಿಂತ ಹೆಚ್ಚು. ಕಾಲು ತೊಳೆಯದೆ ಯಾರೂ ಒಳಗೆ ಅಡಿಯಿಡರು. ಬಾಣಂತಿಯ ನೆರಳೂ ಬೀಳಬಾರದು.

"ಅದೊಂದು ಕೇಳ್ಬೇಡಿ," ಎಂದರು ಶ್ರೀನಿವಾಸಪ್ಪ. "ಮೈಲಿಗೆ ಸೋಕಿದ್ರೆ ಹುಳ ಬೆಳಿಗ್ಗೆಗೆ ಕಪ್ಪಾಗುತ್ತೆ." ಅಷ್ಟಕ್ಕೆ ಬಿಡದೆ ನನ್ನ ಕಡೆ ತಿರುಗಿದರು. "ಸ್ವಾಮಿ, ತಾವು ಮಡಿ ಆಚಾರ ತಿಳಿದೋರು. ತಾವೇ ಹೇಳಿ. ಬಿಡಬೋದಾ?"

ಊರಿಗೆ ಊರೇ ನನ್ನನ್ನು ನೋಡಿತು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ನಡುವೆ ಬಂದರು.

"ಅವರನ್ನ ಯಾಕೆ ಎಳೀತೀರಿ? ಅವರು ಏನು ಹೇಳಿದ್ರೂ ಮನೆಗೆ ಹೋಗಿ ತಾಯಿಗೆ ಲೆಕ್ಕ ಕೊಡ್ಬೇಕು. ಮೈಲಿಗೆ ಇದ್ರೆ ನನ್ನ ತಲೆ ಮೇಲಿರ್ಲಿ. ಕೇಳ್ತಿರೋಳು ನಾನು."

ಇದನ್ನು ಅವರು ಎಂದಾದರೂ ನೆನೆದಿದ್ದಾರೆಯೇ ಅರಿಯೆ. ನಾನಂತೂ ದಿನವೂ ನೆನೆಯುತ್ತೇನೆ.

ಆಗಲೇ ಸದ್ದು ಬಂತು. ಹಿಂದೆ ಕೇಳಿದ್ದಕ್ಕಿಂತ ಹತ್ತಿರದ್ದು. ಮೊದಲು ಅಂಗಾಲಿಗೆ ತಾಕಿತು, ಆಮೇಲೆ ಕಿವಿಗೆ. ಕೆರೆಯ ನೀರು ಗಾಳಿಯಿಲ್ಲದೆ ಸುಕ್ಕುಗಟ್ಟಿತು. ಏರಿಯ ಮೇಲಿದ್ದವರೆಲ್ಲ ಊರ ಕಡೆಗೆ ಓಡಿದರು. ನನ್ನ ತುಟಿಯಲ್ಲಿ ತಾಯಿಯ ಬೆಳಗಿನ ಪದ್ಯವೊಂದು ತಾನಾಗಿ ಬಂದು ಅರ್ಧಕ್ಕೆ ನಿಂತಿತು. ಶಾಮಲಮ್ಮ ನೇರ ಒಳಕೋಣೆಗೆ ನುಗ್ಗಿ ಕೂಸನ್ನು ಎದೆಗವಚಿಕೊಂಡು, ಮಗಳ ರೆಟ್ಟೆ ಹಿಡಿದು ಹೊರಬಂದರು. ಯಾರ ಮನೆಯೂ ಬೀಳಲಿಲ್ಲ. ಅವರ ಮನೆಯ ಚಪ್ಪಡಿಯಿಂದ ಗಾರೆ ಉದುರಿ ಹಾಸಿಗೆಯ ಮೇಲೆ ಬಿದ್ದಿತ್ತು, ಅಷ್ಟೇ.

ಮಳೆಯಲ್ಲಿ ನಿಂತು ಉಸಿರು ತಿರುಗಿಸಿಕೊಳ್ಳುತ್ತ ಶಾಮಲಮ್ಮ ಸುತ್ತ ನೋಡಿದರು. ಹುಳದ ಮನೆಯ ಬಾಗಿಲಲ್ಲಿ ಶ್ರೀನಿವಾಸಪ್ಪ ಕಂಡರು.

"ಭಾವ, ನಿಮ್ಮ ಮನೆ ಈ ಕಡೆ ಅಲ್ವಾ? ಅಲ್ಲೇನು ಮಾಡ್ತಿದ್ದೀರಿ?"

"ಹುಳ ಏನಾಯ್ತೋ ಅಂತ ನೋಡೋಕೆ ಬಂದೆ."

"ಹುಳ ನೋಡೋಕೆ ಹೋದೋರು ಗಳ ತಬ್ಕೊಂಡು ಕಣ್ಣು ಮುಚ್ಕೊಂಡಿದ್ರಾ? ಕಾಲಾದ್ರೂ ತೊಳ್ಕೊಂಡ್ರಾ?"

ಅಂಥ ಹೊತ್ತಿನಲ್ಲೂ ಯಾರೋ ನಕ್ಕರು. ಶ್ರೀನಿವಾಸಪ್ಪ ತಮ್ಮ ಕೆಸರುಗಾಲನ್ನು ನೋಡಿಕೊಂಡರು. ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಆ ಮೂಲೇಲಿ ಟಾರ್ಪಾಲು ಕಟ್ಟಿ. ಹುಳದ ತಟ್ಟೆ ಕಡೆ ಸಾಂಬ್ರಾಣಿ ಹೊಗೆ ತರಬೇಡಿ. ಹೊಗೆಗೂ ಹುಳ ಸಾಯುತ್ತೆ."

ಬಾಣಂತಿ ಒಳಗೆ ಹೋದಳು. ಆದರೆ ಹಾರೆಗಳು ಇನ್ನೂ ತೂಬಿನ ಬಳಿಯೇ ಇದ್ದವು, ಅಮಾವಾಸ್ಯೆಯೂ ದೂರವಿರಲಿಲ್ಲ. ಊರವರು ಮತ್ತೆ ಏರಿಗೆ ಬಂದರು. ಈ ಸಲ ಬಾಯಿ ತೆರೆದವರು ಮುನಿಯಲ್ಲಪ್ಪ.

"ಮೇಡಮ್ನೋರೆ, ನಾಳೆ ಏನಾದ್ರೂ ಆದ್ರೆ ತೂಬು ಎತ್ತದೋನು ಅಂತ ನನ್ನನ್ನ ಬೈತಾರೆ. ಕೆಳಗಿನೂರು ಕೊಚ್ಚಿಹೋದ್ರೆ ಎತ್ತಿದೋನು ಅಂತ ಬೈತಾರೆ. ಒಂದು ಮಾತು ಹೇಳಿಬಿಡಿ. ಎತ್ಲಾ, ಬ್ಯಾಡ್ವಾ?"

ಮೇಡಂ ಎಂದಿನಂತೆ ನಿಂತರು. ಬಂಡೆಯ ಮೇಲಿನ ಯಂತ್ರದ ಕಡೆ ಒಮ್ಮೆ ನೋಡಿದರು. "ಗೊತ್ತಿಲ್ಲ" ಎನ್ನುತ್ತಾರೆ, ಹಾರೆ ಮೇಲೇಳುತ್ತದೆ ಎಂದುಕೊಂಡೆ.

"ಎತ್ತಬೇಡಿ."

"ಗ್ಯಾರಂಟಿನಾ?"

"ಗ್ಯಾರಂಟಿ ಇಲ್ಲ. ಎತ್ತಬೇಡಿ. ಎಲ್ಲರೂ ಚಪ್ಪಡಿ ಕೆಳಗಿಂದ ಹೊರಗೆ ಬನ್ನಿ."

ಮುನಿಯಲ್ಲಪ್ಪ ಅವರನ್ನೇ ದಿಟ್ಟಿಸಿದರು. ಆಮೇಲೆ ಹಾರೆಗಳನ್ನು ಒಂದೊಂದಾಗಿ ಎತ್ತಿ ಹೆಗಲಿಗೇರಿಸಿ ಏರಿಯಿಂದ ಇಳಿದುಹೋದರು.

ಅಮಾವಾಸ್ಯೆ ಬಂತು, ಹೋಯಿತು. ಸದ್ದು ನಿಲ್ಲಲಿಲ್ಲ. ಹುಳದ ಮನೆಯಲ್ಲಿ, ಶಾಲೆಯ ಶೀಟಿನ ಮಾಡಿನಡಿ, ತೋಟಗಳಲ್ಲಿ ಕಟ್ಟಿದ ಗುಡಿಸಲುಗಳಲ್ಲಿ ಜನ ಚಳಿಗೆ ನಡುಗುತ್ತ, ಮೇಡಂ ಹೆಸರು ಹಿಡಿದು ಬೈಯುತ್ತ ಮಲಗಿದರು. ಪ್ರತಿ ಗುದ್ದಿನ ಸುದ್ದಿ ಬಂದಾಗಲೂ ವಿಭಾಗದಲ್ಲಿ ಅವರ ಮುಖ ಬಿಳಿಚುತ್ತಿತ್ತು. ತರಗತಿ ಮಾತ್ರ ತಪ್ಪಿಸಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸದ್ದು ತೆಳುವಾಗಿ, ಶಿವರಾತ್ರಿಯ ಹೊತ್ತಿಗೆ ಇಲ್ಲವಾಯಿತು. ಆ ವರ್ಷ ಗೌನಗುರ್ಕಿಯ ಕೆರೆ ಕೆಳಗೆ ಭತ್ತ ಬೆಳೆದರು. ರೇಷ್ಮೆಗೂಡು ತೆಳುವಾಗಿದ್ದುದಕ್ಕೆ ಬಾಣಂತಿಯೇ ಕಾರಣವೆಂದು ಶ್ರೀನಿವಾಸಪ್ಪ ಇಂದಿಗೂ ಹೇಳುತ್ತಾರೆ.

ಜಿಪಿಎಸ್ ಫಲಿತಾಂಶವೂ ರೇಡಾರ್ ಚಿತ್ರಗಳೂ ಪೂರ್ತಿ ಕೈಸೇರಿದ್ದು ಬೇಸಿಗೆಯಲ್ಲಿ. ಬಂಡೆ ಸರಿದಿದ್ದರೂ ಯಂತ್ರ ಗುರುತಿಸುವಷ್ಟು ಸರಿದಿರಲಿಲ್ಲ. ಊರು ಉಳಿದಿದೆ, ಇದನ್ನು ಅಲ್ಲಿಗೆ ಹೋಗಿ ಹೇಳುವುದೇಕೆ ಎಂದು ನಾವೆಲ್ಲ ಅಂದೆವು. ಮೇಡಂ ಒಪ್ಪದೆ ಗೌನಗುರ್ಕಿಯ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಏರಿಯ ಹುಣಸೆಮರದಡಿ ಶಾಮಲಮ್ಮ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದರು. ಪಕ್ಕದಲ್ಲಿ ಕೂಸು ತೆವಳುತ್ತಿತ್ತು. ಮುನಿಯಲ್ಲಪ್ಪನವರೂ ಬಂದು ಕುಳಿತರು.

"ಒಂದು ಮಾತು ಹೇಳ್ಬೇಕಿತ್ತು," ಎಂದರು ಮೇಡಂ. "ಅವತ್ತು ತೂಬು ಎತ್ತಬೇಡಿ ಅಂದೆನಲ್ಲ, ಅದು ಸ್ಯಾಟಲೈಟ್ ನೋಡಿ ಹೇಳಿದ್ದಲ್ಲ. ಆಗ ನನ್ನ ಹತ್ರ ಏನೂ ಇರಲಿಲ್ಲ. ಈಗ ಬಂದಿರೋ ಅಳತೇಲೂ ನಾನಂದಿದ್ದೇ ಸರಿ ಅನ್ನೋಕೆ ಆಧಾರ ಇಲ್ಲ. ನಿಮಗೆ ಗೊತ್ತಿರ್ಲಿ ಅಂತ ಬಂದೆ."

ಶಾಮಲಮ್ಮ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಿತ್ತಲ್ಲಮ್ಮ."

"ಹೇಗೆ?"

"ಸೆರಗಿನ ಕೆಳಗೆ ನಿಮ್ಮ ಕೈ ನಡುಗ್ತಿತ್ತು. ಟೀವಿ ಜೋಯಿಸನ ಕೈನೂ ನೋಡಿದ್ವಿ, ಐದು ಬೆರಳಿಗೂ ಉಂಗುರ. ಊರೇ ಹೋಗುತ್ತೆ ಅನ್ನೋವಾಗ್ಲೂ ಅಲುಗಲಿಲ್ಲ." ಮಾವಿನ ಹೋಳೊಂದಕ್ಕೆ ಉಪ್ಪು ಹಚ್ಚಿ ಮೇಡಂ ಕಡೆ ಚಾಚಿದರು. "ನಮ್ಮ ಬಗ್ಗೆ ಭಯ ಇದ್ದಿದ್ದು ನಿಮಗೊಬ್ರಿಗೇ. ಅದಕ್ಕೇ ನಿಮ್ಮ ಮಾತು ಕೇಳಿದ್ದು. ತಗೊಳ್ಳಿ, ಹುಳಿ ಇದೆ."

ಗೌನಗುರ್ಕಿಯ ಬಂಡೆಯ ಮೇಲೆ ಆ ಬೋಲ್ಟು ಇನ್ನೂ ಇದೆ. ನಿವೃತ್ತಿಯ ಮೇಲೂ ವರ್ಷಕ್ಕೊಮ್ಮೆ ಬಂದು ಮುಕ್ಕಾಲಿ ಹೂಡುತ್ತೇನೆಂದು ಮೇಡಂ ಮಾತು ಕೊಟ್ಟಿದ್ದಾರೆ. ಆ ಬಂಡೆ ಒಂದು ಬೆರಳಗಲ ಸರಿಯಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ನಮ್ಮ ಕುಲದೈವವು ಅವರನ್ನು ಆರೋಗ್ಯದಲ್ಲಿಡಲಿ. ಅಳೆಯುವಾಗ ಅವರ ಕಣ್ಣು ಕದಲದಿರಲಿ, ಜನರಿಗೆ ಹೇಳಬೇಕಾದಾಗ ಅವರ ಕೈ ಎಂದಿನಂತೆ ನಡುಗುತ್ತಿರಲಿ.