ಹುಲ್ಲಿಗೊಂದು ಸೂರು

ನಮ್ಮೂರ ಗೌಡರು ಮಹಾ ಧರ್ಮಾತ್ಮರು. ಯಲಹಂಕದ ಬಸ್ಸು ನಿಲ್ಲುವಲ್ಲಿ ತಂಗುದಾಣ ಕಟ್ಟಿಸಿ, ‘ದಾರಿಹೋಕರ ಆಶ್ರಯಕ್ಕೆ’ ಎಂದು ಕಲ್ಲಿನಲ್ಲಿ ಕೆತ್ತಿಸಿದರು. “ನಮ್ ನೆಳ್ಳಲ್ಲಿ ನಾಕ್ ಜನ ಬದುಕ್ಬೇಕು” ಎಂದು ಮೀಸೆ ನೀವಿಕೊಂಡರು. ಸುಗ್ಗಿ ಮುಗಿಯುತ್ತಲೇ ಅದರ ತುಂಬ ತಮ್ಮ ರಾಗಿಹುಲ್ಲು ಒಟ್ಟಿಸಿದರು. ಕೇಳಿದರೆ, “ಉಲ್ಲು ನೆಂದ್ರೆ ಕೊಳೀತದೆ. ಮನುಸ್ರು ಒಣಗ್ತಾರೆ” ಎನ್ನುತ್ತಿದ್ದರು.

ಒಮ್ಮೆ ಬಸ್ಸಿಗೆ ಕಾಯುತ್ತಿದ್ದಾಗ ಜೋರು ಮಳೆ ಹಿಡಿಯಿತು. ನಾವೆಲ್ಲ ಎದುರಿನ ಹುಣಸೆಮರದಡಿ ಮುದುಡಿ ನಿಂತೆವು. ಗೌಡರು ಕೊಡೆ ಹಿಡಿದು ಓಡಿಬಂದರು. ತಂಗುದಾಣ ಸೋರುತ್ತಿತ್ತು. ಕೊಡೆಯನ್ನು ಹುಲ್ಲಿನ ಮೇಲೆ ಹಿಡಿದು ತಾವು ತೊಯ್ದು ತೊಪ್ಪೆಯಾದರು.

ಸೊಪ್ಪು ಮಾರುವ ಅಜ್ಜಿ ಕೂಗಿದಳು: “ಗೌಡ್ರೇ, ಬನ್ನಿ, ಇಲ್ಲಿ ಜಾಗ ಐತೆ.”

ಗೌಡರು ಕೊಡೆಯನ್ನು ಹುಲ್ಲಿಗೇ ಸಿಕ್ಕಿಸಿ ಬಂದು, ನಮ್ಮ ನಡುವೆ ತೂರಿಕೊಂಡು, ಮೀಸೆಯ ನೀರು ಒರೆಸಿಕೊಳ್ಳುತ್ತಾ ಮೇಲೆ ನೋಡಿದರು.

“ಈ ಮರಾನೂ ನಮ್ದೇ ಕಣಮ್ಮ. ನಮ್ ನೆಳ್ಳಲ್ಲಿ ನಾಕ್ ಜನ ಬದುಕ್ಬೇಕು.”